ಕ್ಯಾನ್ವಾಸಿನಿಂದ ಉದುರಿದ ಕೆಂಪು

1/10
(ಫೋಟೊ: ಬಿಳಿ ಟೈಲ್ಸ್ ನೆಲ, ಅದರ ಮೇಲೆ ಒಂದು ಹಿಡಿ ಕೆಂಪು ಪುಡಿ)

ಹೋದ ವಾರ ಸ್ಟೋರಿಗೆ ಈ ಫೋಟೊ ಹಾಕಿದ್ದೆ. "ಯಾರ ರಂಗೋಲಿ ಕೆಡಿಸಿದ್ರಿ?" ಅಂತ ಒಬ್ಬರು, "ಇನ್‌ಸ್ಟಲೇಶನ್ನಾ ಅಕ್ಕ?" ಅಂತ ಇನ್ನೊಬ್ಬರು ಕೇಳಿದ್ರಿ. ಎರಡೂ ಅಲ್ಲ. ಇದು ನನ್ನ ಫೈನಲ್ ಇಯರ್ ಪೇಂಟಿಂಗು. ಅಂದ್ರೆ ಅದರಿಂದ ಉದುರಿ ಬಿದ್ದ ಭಾಗ. ಐದಡಿ ಅಗಲದ ಕ್ಯಾನ್ವಾಸು ಗೋಡೆ ಮೇಲೆ ಎಂಟು ದಿನ ಇತ್ತು. ಎಂಟು ದಿನದಲ್ಲಿ ಇಷ್ಟು ಬಿತ್ತು.

ಕ್ಲಾಸಿನವರಿಗೆ ಈ ಕಥೆ ಅರ್ಧ ಗೊತ್ತು. ಉಳಿದರ್ಧ ಯಾರಿಗೂ ಹೇಳಿರಲಿಲ್ಲ, ನಾಚಿಕೆ ಆಗಿತ್ತು. ಈಗ ಹತ್ತು ಪೋಸ್ಟಲ್ಲಿ ಹೇಳ್ತೀನಿ.

ಇನ್ನೊಂದು ಕಾರಣಾನೂ ಇದೆ. ಡಿಎಂಗೆ ಬರೋ ಪ್ರಶ್ನೆಗಳಲ್ಲಿ ಅರ್ಧ ಒಂದೇ ಥರ ಇರ್ತವೆ: "ಮಾಡರ್ನ್ ಪೇಂಟಿಂಗ್ ನೋಡಿದ್ರೆ ಏನೂ ತಿಳಿಯಲ್ಲ ಅಕ್ಕ, ಹೆಂಗೆ ಅರ್ಥ ಮಾಡ್ಕೋಬೇಕು?" ನಾಲ್ಕು ವರ್ಷ ಓದಿದ ಮೇಲೂ ನನ್ನ ಹತ್ರ ಇದಕ್ಕೆ ಒಳ್ಳೆ ಉತ್ತರ ಇರಲಿಲ್ಲ. ಉತ್ತರ ಕೊಟ್ಟಿದ್ದು ನಮ್ಮಪ್ಪ. ಅವನು ಗ್ಯಾಲರಿ ಒಳಗೆ ಕಾಲಿಟ್ಟಿದ್ದು ಜೀವನದಲ್ಲಿ ಅದೇ ಮೊದಲ ಸಲ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದ.

2/10
(ಫೋಟೊ: ಅರ್ಧ ಹಿಂಡಿದ ಬಣ್ಣದ ಟ್ಯೂಬು)

ನಾನು ಸಂಡೂರಿನವಳು. ಹೊಸಪೇಟೆಯಿಂದ ಸಂಡೂರಿಗೆ ಬಸ್ಸಲ್ಲಿ ಬಂದವರಿಗೆ ಗೊತ್ತಿರುತ್ತೆ, ರಸ್ತೆ ಪಕ್ಕದ ಬೇವಿನ ಎಲೆ ಕೂಡ ಕೆಂಪು. ಸ್ಕೂಲಿಗೆ ಹೋಗುವಾಗ ನಮ್ಮ ಬಿಳಿ ಸಾಕ್ಸಿಗೆ ಆಯುಸ್ಸು ಒಂದೇ ದಿನ. ಅವ್ವ ಒಗೆದು ಒಣಗಿಸಿದ ಬಟ್ಟೆ ತಂತಿಯಿಂದ ತೆಗೆಯೋ ಹೊತ್ತಿಗೆ ಮತ್ತೆ ಒಗೆಯೋ ಹಂಗೆ ಆಗಿರೋದು.

ಫೈನಲ್ ಇಯರ್‌ಗೆ ನಮ್ಮೂರಿನ ಮೈನ್ಸ್ ಮೇಲೆ ಮಾಡ್ತೀನಿ ಅಂತ ಪ್ರಪೋಸಲ್ ಕೊಟ್ಟೆ. ಹೆಸರು ಮೊದಲೇ ರೆಡಿ: "ಅಪ್ಪನ ನೋವು". ಅಗೆದ ಗುಡ್ಡ, ಲಾರಿ ಸಾಲು, ಬೆನ್ನು ಮಾಡಿ ನಿಂತ ಒಬ್ಬ ಮನುಷ್ಯ. ಹೊಸಪೇಟೆಯಲ್ಲಿ ಬಣ್ಣ ತಗೊಂಡೆ. ಗುಡ್ಡಕ್ಕೆ ಹೊಂದುವ ಕೆಂಪು ಬೇಕಿತ್ತು. ಅಂಗಡಿಯವರು ಕೊಟ್ಟ ಟ್ಯೂಬಿನ ಮೇಲೆ "ಇಂಡಿಯನ್ ರೆಡ್" ಅಂತ ಇತ್ತು.

ಅರ್ಧ ಬಣ್ಣ ಹಚ್ಚಿದ್ದೆ. ಸೀನಿಯರ್ ಒಬ್ಬರು ಬಂದು ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಾನೂ ಅನ್ನಲಿಲ್ಲ. ಟ್ಯೂಬ್ ಎತ್ತಿಕೊಂಡು ಹಿಂದೆ ಸಣ್ಣಕ್ಷರದಲ್ಲಿ ಬರೆದಿದ್ದನ್ನ ಓದಿದರು. "ಇದು ಐರನ್ ಆಕ್ಸೈಡು. ಫ್ಯಾಕ್ಟರಿಯಲ್ಲಿ ಮಾಡಿದ್ದು. ಮೊದಲು ಈ ಕೆಂಪು ಮಣ್ಣು ಇಂಡಿಯಾದಿಂದ ಹೋಗ್ತಿತ್ತು, ಅದಕ್ಕೇ ಈ ಹೆಸರು. ನಿಮ್ಮೂರಲ್ಲಿ ಇದು ಗುಡ್ಡಗಟ್ಟಲೆ ಇದೆ. ನೀನು ದುಡ್ಡು ಕೊಟ್ಟು ಟ್ಯೂಬಲ್ಲಿ ತಂದಿದೀಯಲ್ಲ!" ಅಂದರು.

ಎಲ್ರೂ ನಕ್ಕರು, ನಾನೂ ನಕ್ಕೆ. ರಾತ್ರಿ ಹಾಸ್ಟೆಲ್ಲಲ್ಲಿ ನಿದ್ದೆ ಬರಲಿಲ್ಲ. ಸಂಡೂರಿನ ಅದಿರು ಹೆಮಟೈಟು. ಅದೂ ಕಬ್ಬಿಣದ ಆಕ್ಸೈಡೇ, ಟ್ಯೂಬಿನಲ್ಲಿರೋದೂ ಅದೇ. ಫಾರ್ಮುಲಾ ಒಂದೇ, ಆದರೆ ಟ್ಯೂಬಿನದು ಯಾರ ಸಾಕ್ಸಿಗೂ ಅಂಟಿಲ್ಲ.

3/10
(ಫೋಟೊ: ಅಂಗೈ ಮೇಲೆ ಕಪ್ಪು ಕಲ್ಲು, ಬೆರಳಿಗೆ ಕೆಂಪು)

ಯುಗಾದಿ ರಜೆಗೆ ಊರಿಗೆ ಹೋದಾಗ ಒಂದು ಚೀಲ ಹಿಡ್ಕೊಂಡು ರಸ್ತೆಗೆ ಇಳಿದೆ. ಲಾರಿಗಳು ತಿರುವಿನಲ್ಲಿ ಉದುರಿಸಿದ ಅದಿರಿನ ತುಂಡು ಆರಿಸಿದೆ. ಪೊರಕೆ ತಗೊಂಡು ರಸ್ತೆ ಅಂಚಿನ ಧೂಳನ್ನೂ ಗುಡಿಸಿ ತುಂಬಿದೆ. ಬಸ್ಟಾಂಡಲ್ಲಿ ಕೂತ ಅಜ್ಜ ಒಬ್ಬರು "ಮುನ್ಸಿಪಾಲ್ಟಿ ಕೆಲಸ ಸಿಕ್ತೇನವ್ವ?" ಅಂತ ಕೇಳಿದ್ರು.

ಅದಿರಿನ ಬಗ್ಗೆ ಒಂದು ವಿಷಯ, ಗೊತ್ತಿಲ್ಲದವರಿಗೆ: ಕಲ್ಲು ನೋಡೋಕೆ ಕಪ್ಪು-ಬೂದಿ, ಉಕ್ಕಿನ ಥರ ಹೊಳೆಯುತ್ತೆ. ಹಂಚಿನ ಒರಟು ಬೆನ್ನಿಗೆ ಉಜ್ಜಿದರೆ ಕೆಂಪು ಗೆರೆ ಬರುತ್ತೆ. ಕೆಂಪು ಅದರ ಒಳಗೆ ಇರುತ್ತೆ, ಪುಡಿ ಆದಾಗಲೇ ಹೊರಗೆ ಕಾಣೋದು.

ಚೀಲ ಮನೆಗೆ ತಂದಾಗ ಅಪ್ಪ ಜಗುಲಿ ಮೇಲೆ ಕೂತಿದ್ದ.

"ಏನವ್ವಾ ಅದು?"
"ಅದಿರು, ಅಪ್ಪಾ. ಪೇಂಟಿಂಗಿಗೆ."
"ನಿಮ್ಮವ್ವ ಇಪ್ಪತ್ತು ವರ್ಷ ಇದನ್ನ ಮನಿಯಿಂದ ಹೊರಗ ಗುಡಿಸ್ಯಾಳ. ನೀ ಚೀಲದಾಗ ತುಂಬ್ಕೊಂಡು ಒಳಗ ತರ್ತಿಯಲ್ಲ?"

ನಗ್ತಾನೇ ಹೇಳಿದ. ಚೀಲ ಮಾತ್ರ ಮುಟ್ಟಲಿಲ್ಲ.

ಅಪ್ಪ ಅದಿರು ಲಾರಿ ಹೊಡೀತಿದ್ದ. 2008ರಲ್ಲಿ ಸಾಲ ಮಾಡಿ ಸ್ವಂತ ಲಾರಿ ತಗೊಂಡ. ಆಗ ಚೀನಾಕ್ಕೆ ಅದಿರು ಹೋಗ್ತಿದ್ದ ಕಾಲ, ನಮ್ಮ ರಸ್ತೆಯಲ್ಲಿ ರಾತ್ರಿ-ಹಗಲು ಲಾರಿ ಸಾಲು ಮುಗೀತಾನೇ ಇರಲಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಾನಾಗ ನಾಲ್ಕನೇ ಕ್ಲಾಸು. ಲಾರಿ ಮನೆ ಮುಂದೆ ಏಳೆಂಟು ತಿಂಗಳು ನಿಂತಿತ್ತು, ಆಮೇಲೆ ಒಂದಿನ ಸ್ಕೂಲಿಂದ ಬಂದಾಗ ಇರಲಿಲ್ಲ. ಕಂತು ಕಟ್ಟಿರಲಿಲ್ಲ ಅಂತ ಫೈನಾನ್ಸಿನವರು ತಗೊಂಡು ಹೋಗಿದ್ದರು. ಮುಂದೆ ಮೈನ್ಸ್ ಮತ್ತೆ ಶುರುವಾದವು, ಅಪ್ಪ ಹೋಗಲಿಲ್ಲ. ಈಗ ಕಂಪ್ಲಿ ಕಡೆ ರೈಸ್ ಮಿಲ್ಲುಗಳಿಗೆ ಟೆಂಪೋದಲ್ಲಿ ಭತ್ತ ಹೊಡೀತಾನೆ.

"ಅಪ್ಪನ ನೋವು" ಅಂತ ಹೆಸರಿಡೋಕೆ ನನಗೆ ಇಷ್ಟು ಸಾಕಾಗಿತ್ತು.

4/10
(ಫೋಟೊ: ಒಂಬತ್ತು ಬಾಟಲಿ ಮುಚ್ಚಳ, ಒಂಬತ್ತು ಥರದ ಕೆಂಪು)

ಈ ಪೋಸ್ಟು ಸ್ವಲ್ಪ ಕೆಮಿಸ್ಟ್ರಿ. ಬೋರಾದ್ರೂ ಬಿಡಬೇಡಿ, ಮುಂದೆ ಬೇಕಾಗುತ್ತೆ.

ಕಲ್ಲನ್ನ ಹಳೇ ಒರಳಲ್ಲಿ ಕುಟ್ಟಿ, ಅಪ್ಪನ ಹರಿದ ಪಂಚೆಯಲ್ಲಿ ಸೋಸಿದೆ. (ಮಾಸ್ಕ್ ಹಾಕಿಕೊಂಡೇ ಮಾಡಿ. ಈ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.) ಒಣ ಪುಡಿ ಎಷ್ಟು ಚಂದ ಅಂದ್ರೆ, ಬೆಳಗಿನ ಬಿಸಿಲಲ್ಲಿ ಅದಕ್ಕೇ ಒಂದು ಬೆಳಕಿದ್ದ ಹಂಗೆ. ಅದಕ್ಕೆ ಅಗಸೆ ಎಣ್ಣೆ ಹಾಕಿ ಕಲಸಿದೆ. ಬೆಳಕೆಲ್ಲ ಹೋಯ್ತು. ಕಾಫಿ ಪುಡಿ ಬಣ್ಣದ ಕೆಸರು ಉಳೀತು.

ಯಾಕೆ ಹಿಂಗೆ? ಒಣ ಪುಡಿಯ ಕಣಗಳ ಮಧ್ಯೆ ಗಾಳಿ ಇರುತ್ತೆ. ಬೆಳಕು ಕಣಕ್ಕೂ ಗಾಳಿಗೂ ಬಡಿದು ಎಲ್ಲ ಕಡೆ ಚೆದುರಿ ವಾಪಸ್ ಕಣ್ಣಿಗೆ ಬರುತ್ತೆ. ಎಣ್ಣೆ ಆ ಗಾಳಿಯ ಜಾಗ ತುಂಬಿದರೆ ಬೆಳಕು ಚೆದುರೋದು ಕಮ್ಮಿ ಆಗಿ ಒಳಗೇ ಇಳಿದು ಹೋಗುತ್ತೆ, ಬಣ್ಣ ಗಾಢ ಆಗುತ್ತೆ. ಮಳೆ ಬಿದ್ದ ಮಣ್ಣು ಕಪ್ಪಗೆ ಕಾಣೋದೂ ಇದಕ್ಕೇ.

ಪುಡಿ ತಾನೇ ಕ್ಯಾನ್ವಾಸಿಗೆ ಅಂಟಲ್ಲ. ಎಲ್ಲ ಪೇಂಟೂ ಎರಡು ವಸ್ತು ಸೇರಿ ಆಗಿರೋದು: ಬಣ್ಣದ ಪುಡಿ, ಅದನ್ನ ಹಿಡಿದಿಡೋ ಅಂಟು. ನನಗೆ ಎರಡೂ ಬೇಕು, ಪುಡಿಯ ಬೆಳಕೂ ಹೋಗಬಾರದು. ಫ್ರಾನ್ಸಿನ ಈವ್ ಕ್ಲೈನ್ ಅನ್ನೋ ಕಲಾವಿದನಿಗೆ 1950ರ ದಶಕದಲ್ಲಿ ಇದೇ ತಲೆನೋವು, ನೀಲಿ ಬಣ್ಣದಲ್ಲಿ. ಅಂಗಡಿಯಲ್ಲಿ ಪುಡಿಯಾಗಿ ಇದ್ದಾಗ ಕಂಡ ನೀಲಿ ಎಣ್ಣೆಯಲ್ಲಿ ಸಾಯುತ್ತೆ ಅಂತ ಅವನ ಕೊರಗು. ಪ್ಯಾರಿಸ್ಸಿನ ಒಬ್ಬ ಬಣ್ಣದ ವ್ಯಾಪಾರಿ ಸಹಾಯದಿಂದ ಒಂದು ಸಿಂಥೆಟಿಕ್ ರೆಸಿನ್ ಹುಡುಕಿಕೊಂಡ, ಅದರಲ್ಲಿ ಪುಡಿ ಪುಡಿಯಾಗೇ ಕಾಣುತ್ತೆ. ಅವನ ಬರೀ ನೀಲಿ ಕ್ಯಾನ್ವಾಸು ನೋಡಿ "ಇದರಲ್ಲೇನಿದೆ, ನಾನೂ ಬಳೀತೀನಿ" ಅಂತ ಫಸ್ಟ್ ಇಯರಲ್ಲಿ ನಕ್ಕಿದ್ದೆ. ಒಂಬತ್ತು ಮುಚ್ಚಳದಲ್ಲಿ ಒಂಬತ್ತು ಅಂಟು ಟೆಸ್ಟ್ ಮಾಡಿ ಒಂಬತ್ತೂ ಕೆಟ್ಟ ಮೇಲೆ ನಗು ಬರಲಿಲ್ಲ.

ಜಾಲಿ ಗೋಂದು, ಮರಗೆಲಸದ ಬಿಳಿ ಅಂಟು, ಆಕ್ರಿಲಿಕ್ ಮೀಡಿಯಂ, ಹುಣಸೆ ಬೀಜದ ಅಂಟು, ಮೊಟ್ಟೆ... ಅಂಟು ಜಾಸ್ತಿ ಆದಷ್ಟೂ ಬಣ್ಣ ಮಂಕು. ಜೂರಿ ಹತ್ರ ಬಂದಿತ್ತು. ಕೊನೆಗೆ ಅಂಟು ಕಮ್ಮಿ ಮಾಡಿದೆ. ತುಂಬಾ ಕಮ್ಮಿ.

5/10
(ಫೋಟೊ: ಪ್ರದರ್ಶನದ ಮೊದಲ ದಿನ, ಕ್ಯಾನ್ವಾಸು ಪೂರ್ತಿ ಕೆಂಪು)

ಈ ಫೋಟೊಗೆ ನಿಮ್ಮಿಂದ ಅತಿ ಹೆಚ್ಚು ಲೈಕ್ ಬಂದಿತ್ತು. ಲಾರಿ, ಮನುಷ್ಯ ಎಲ್ಲ ತೆಗೆದುಬಿಟ್ಟಿದ್ದೆ. ಕ್ಯಾನ್ವಾಸ್ ಪೂರ್ತಿ ಅದಿರು, ಪದರ ಪದರ. ಮೇಲ್ಗಡೆ ತೆಳ್ಳಗೆ, ಕೆಳಗಡೆ ದಪ್ಪ. ಪಕ್ಕದಲ್ಲಿ ಚೀಟಿ: "ಅಪ್ಪನ ನೋವು. ಮಿಶ್ರ ಮಾಧ್ಯಮ."

ಜೂರಿಯವರು ತುಂಬ ಮಾತಾಡಿದರು. ಗಾಯಗೊಂಡ ಭೂಮಿ, ಶೋಷಣೆ, ರಕ್ತ. ಎಲ್ಲ ಒಳ್ಳೇ ಮಾತು, ನಾನು ತಲೆ ಅಲ್ಲಾಡಿಸ್ತಾ ನಿಂತಿದ್ದೆ. ಅಂಟು ಯಾವುದು ಅಂತ ಒಬ್ಬರೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಅಂತ ಒಳಗೊಳಗೇ ಸಮಾಧಾನ, ಯಾಕಂದ್ರೆ ಹಿಂದಿನ ರಾತ್ರಿ ಕ್ಯಾನ್ವಾಸು ಗೋಡೆಗೆ ಹಾಕುವಾಗಲೇ ನನ್ನ ತೋಳ ಮೇಲೆ ಸ್ವಲ್ಪ ಉದುರಿತ್ತು.

ಮೂರನೇ ದಿನಕ್ಕೆ ನೆಲದ ಮೇಲೆ ಗೆರೆ ಥರ ಬಿತ್ತು. ಐದನೇ ದಿನ ಕಸ ಗುಡಿಸೋ ಅಕ್ಕ ನನ್ನ ಕರೆದು "ದಿನಾ ಗುಡಿಸ್ತೀನಿ, ದಿನಾ ಬೀಳ್ತೈತಿ, ಏನ್ ಹಚ್ಚಿದ್ದಿಯವ್ವ?" ಅಂದರು. ಇನ್ಮೇಲೆ ಗುಡಿಸಬೇಡಿ, ಅದೂ ಚಿತ್ರದ ಭಾಗ ಅಂತ ಸುಳ್ಳು ಹೇಳಿದೆ. ಕ್ಲಾಸಲ್ಲಿ ಕೇಳಿದವರಿಗೂ ಅದೇ ಸುಳ್ಳು. "ಡಿಕೇ ಅನ್ನೋದು ಕಾನ್ಸೆಪ್ಟು" ಅಂದೆ. ಸಾರಿ ಫ್ರೆಂಡ್ಸ್. ಕಾನ್ಸೆಪ್ಟ್ ಏನೂ ಇರಲಿಲ್ಲ. ಅಂಟು ಕಮ್ಮಿ ಆಗಿತ್ತು ಅಷ್ಟೇ.

6/10
(ಫೋಟೊ: ಅಪ್ಪನ ಬೆರಳು. ಮುಖ ಬೇಡ ಅಂದ.)

ಕೊನೇ ದಿನ ಅಪ್ಪ ಟೆಂಪೋ ತಗೊಂಡು ಬಂದ, ಕೆಲಸಗಳನ್ನ ಊರಿಗೆ ಒಯ್ಯೋಕೆ. ಚಿತ್ರ ನೋಡೋಕೆ ಮೊದಲು ಚೀಟಿ ಓದಿದ. ಕನ್ನಡದಲ್ಲಿತ್ತಲ್ಲ. ಏನೂ ಅನ್ನಲಿಲ್ಲ. ಆಮೇಲೆ ನೆಲ ನೋಡಿದ, ಕುಕ್ಕರಗಾಲಲ್ಲಿ ಕೂತ. ಕೆಳಗೆ ಬಿದ್ದ ಪುಡಿಯನ್ನ ಚಿಟಿಕೆ ತಗೊಂಡು ಹೆಬ್ಬೆರಳು, ತೋರುಬೆರಳಲ್ಲಿ ತಿಕ್ಕಿದ. ಬೆಳಕಿಗೆ ಹಿಡಿದ. ಎದ್ದು, ಕ್ಯಾನ್ವಾಸಿನ ಮೇಲ್ಭಾಗವನ್ನ ಒಂದು ಬೆರಳಲ್ಲಿ ಮುಟ್ಟಿ, ಅದನ್ನೂ ತಿಕ್ಕಿದ.

"ಎರಡು ಬ್ಯಾರೆ ಬ್ಯಾರೆ ಅದಾವು," ಅಂದ. "ಕೆಳಗ ಬಿದ್ದದ್ದು ಮಾಲು. ಭಾರ ಐತಿ, ಮಿಂಚ್ತೈತಿ ನೋಡು. ಮ್ಯಾಲ ಉಳದದ್ದು ರೋಡಿನ ಧೂಳು, ಅದರಾಗ ಬರೇ ಮಣ್ಣು, ಟಯರಿನ ಕರಿ."

ಹೌದು. ನಾನು ಎರಡನ್ನೂ ಬೇರೆ ಬೇರೆ ಪದರದಲ್ಲಿ ಹಾಕಿದ್ದೆ. ಯಾರಿಗೂ ಹೇಳಿರಲಿಲ್ಲ, ಹೇಳೋಕೆ ಅದೊಂದು ವಿಷಯ ಅಂತ ನನಗೇ ಅನಿಸಿರಲಿಲ್ಲ. ಹೆಮಟೈಟು ನೀರಿಗಿಂತ ಐದು ಪಟ್ಟು ಭಾರ, ಸಾಮಾನ್ಯ ಮಣ್ಣಿನ ಕಣಕ್ಕಿಂತ ಸುಮಾರು ಎರಡು ಪಟ್ಟು. ಕಮ್ಮಿ ಅಂಟಿಗೆ ಆ ತೂಕ ಹೊರೋಕೆ ಆಗಿಲ್ಲ, ದಪ್ಪಗೆ ಹಾಕಿದ ಕಡೆ ಅಂತೂ ಇಲ್ಲವೇ ಇಲ್ಲ. ಧೂಳು ಹಗುರ, ಅದು ನಿಂತಿತ್ತು.

"ಮಾಲು ಹೋತು, ಧೂಳು ಉಳೀತು," ಅಂತ ಅಪ್ಪ ಕೈ ಒರೆಸಿಕೊಂಡ. "ನಮ್ಮೂರಾಗೂ ಹಂಗ ಆತಲ್ಲವ್ವ."

ಜೂರಿಯವರ ಮುಕ್ಕಾಲು ಗಂಟೆಯ ಮಾತಲ್ಲಿ ಇದು ಇರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ. ಚಿತ್ರದಲ್ಲಿ ಇತ್ತು.

ಟೆಂಪೋ ಹತ್ತಿದ ಮೇಲೆ, ಹೊಸಪೇಟೆ ದಾಟೋವರೆಗೂ ಸುಮ್ಮನಿದ್ದು, ಅಂದ: "ಅದರಾಗ ನನ್ನ ನೋವು ಎಲ್ಲೈತಿ? ನಾ ಯಾವಾಗ ನಿನಗ ಹೇಳಿದ್ದೆ? ಆ ಲಾರಿ ಅಂದ್ರ ನನಗ ಭಾಳ ಖುಷಿ ಇತ್ತು. ಹಿಂದಿನ ಬೋರ್ಡಿಗೆ ಬಣ್ಣ ನಾನೇ ಹಚ್ಚಿದ್ದೆ."

ಲಾರಿ ಹಿಂದೆ ಒಂದು ಕಮಲ ಇತ್ತು, ನನಗೆ ನೆನಪಿದೆ. ಅದನ್ನ ಪೇಂಟರ್ ಬರೆದಿದ್ದು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

7/10
(ಫೋಟೊ: ವಿರೂಪಾಕ್ಷ ಗುಡಿಯ ರಂಗಮಂಟಪ, ತಲೆ ಎತ್ತಿ ತೆಗೆದದ್ದು)

ಆಮೇಲೆ ಒಂದು ತಿಂಗಳು ಬ್ರಷ್ ಮುಟ್ಟಲಿಲ್ಲ. ಚಿತ್ರಗಳನ್ನ ನೋಡೋಕೆ ಹೋದೆ. ಅಪ್ಪ ನೋಡಿದ ಹಂಗೆ ನೋಡಬೇಕು ಅಂತ.

ಮೊದಲು ಹಂಪಿ. ವಿರೂಪಾಕ್ಷ ಗುಡಿಗೆ ನೂರು ಸಲ ಹೋಗಿದ್ದೀನಿ, ಆನೆಗೆ ಬಾಳೆಹಣ್ಣು ಕೊಟ್ಟು ಬಂದಿದ್ದೀನಿ. ರಂಗಮಂಟಪ ಕೃಷ್ಣದೇವರಾಯ ಪಟ್ಟಕ್ಕೆ ಬಂದ ಕಾಲದ್ದು, 1510ರ ಶಾಸನ ಅಲ್ಲೇ ಇದೆ. ಅದರ ಛಾವಣಿಯಲ್ಲಿ ಅರ್ಜುನ ಮತ್ಸ್ಯಯಂತ್ರ ಹೊಡೀತಿದ್ದಾನೆ, ಗಿರಿಜಾ ಕಲ್ಯಾಣ ನಡೀತಿದೆ, ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಹೋಗ್ತಿದ್ದಾರೆ. ಈ ಸಲ ಯಾರು ಯಾರು ಅಂತ ಗುರುತಿಸೋದು ಬಿಟ್ಟು, ಯಾವ ಬಣ್ಣ ಉಳಿದಿದೆ ಅಂತ ನೋಡಿದೆ. ಎದ್ದು ಕಾಣೋದು ಇಟ್ಟಿಗೆ ಕೆಂಪು.

ಅದಕ್ಕೆ ಕಾರಣ ಇದೆ. ಸುಣ್ಣದ ಗಾರೆ ಬಣ್ಣಗಳಿಗೆ ಕಷ್ಟದ ಜಾಗ. ಸುಣ್ಣ ಕ್ಷಾರ, ಗಿಡಮೂಲದ ಎಷ್ಟೋ ಬಣ್ಣಗಳನ್ನ ಅದು ತಿಂದುಹಾಕುತ್ತೆ. ಕಬ್ಬಿಣದ ಕೆಂಪನ್ನ ಅದಕ್ಕೆ ಏನೂ ಮಾಡೋಕಾಗಲ್ಲ. ಬಿಸಿಲಿಗೂ ಅದು ಜಗ್ಗಲ್ಲ. ಹಾಗಾಗಿ ಸುಣ್ಣದ ಮೇಲೆ ಬರೆಯೋರು ಕೆಂಪು ಮಣ್ಣನ್ನ ಆರಿಸಿಕೊಂಡಿದ್ದು ಬರೀ ಇಷ್ಟಕ್ಕಲ್ಲ, ಅನುಭವಕ್ಕೆ.

ಮಾರನೇ ದಿನ ಹೊಳೆ ದಾಟಿ ಆನೆಗೊಂದಿ. ಅಲ್ಲಿ ಹತ್ತಿರ ಒನಕೆ ಕಿಂಡಿ ಅನ್ನೋ ಕಡೆ ಬಂಡೆ ಮೇಲೆ ಚಿತ್ರಗಳಿವೆ, ಚರಿತ್ರೆಗೂ ಮುಂಚಿನವು. ಗೂಳಿ, ಮನುಷ್ಯರು, ಎಲ್ಲ ಕೆಂಪು ಗೆರೆ. ಯಾವ ಕ್ಯಾನ್ವಾಸೂ ಇಲ್ಲ, ಛಾವಣಿನೂ ಇಲ್ಲ. ಮಳೆಗಾಲ ಎಷ್ಟು ಹೋಗಿವೆಯೋ.

ಬಂಡೆ ಕೆಳಗೆ ಕೂತು ಲೆಕ್ಕ ಹಾಕಿದೆ. ಅದು ಸಾವಿರಾರು ವರ್ಷ. ನನ್ನದು ಮೂರು ದಿನ. ವಸ್ತು ಎರಡಕ್ಕೂ ಒಂದೇ.

ಹಂಪಿಯ ಚಿತ್ರ ಬರೆದದ್ದು ಕೊಪ್ಪಳ ಹತ್ತಿರದ ಕಿನ್ನಾಳದ ಚಿತ್ರಗಾರರ ಹಿರೀಕರು ಅಂತ ಒಂದು ಮಾತಿದೆ. ಅವರ ಕಟ್ಟಿಗೆ ಗೊಂಬೆ ನೋಡಿರ್ತೀರಿ. ಬಣ್ಣ ಹಚ್ಚೋದು ಕೊನೇ ಕೆಲಸ. ಅದಕ್ಕೆ ಮುಂಚೆ ಹಗುರ ಮರ, ಹುಣಸೆ ಬೀಜದ ಅಂಟಲ್ಲಿ ಅಂಟಿಸಿದ ಬಟ್ಟೆ, ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಬಣ್ಣಕ್ಕೆ ಕೂರೋಕೆ ಜಾಗ ಮಾಡಿಕೊಡೋದರಲ್ಲೇ ಅರ್ಧ ಕೆಲಸ. ನಾನು ಬಣ್ಣದ ಬಗ್ಗೆ ಮಾತ್ರ ಯೋಚಿಸಿದ್ದೆ, ಅದು ಕೂರೋ ಜಾಗದ ಬಗ್ಗೆ ಯೋಚಿಸಿರಲಿಲ್ಲ.

8/10
(ಫೋಟೊ: ಕಂಪ್ಲಿಯ ಅಜ್ಜಿ ಮನೆ, ಬಿಳಿ ಗೋಡೆ, ಕೆಳಗೆ ಕೆಂಪು ಪಟ್ಟಿ)

ಅವ್ವನ ತವರು ಕಂಪ್ಲಿ. ಅಜ್ಜಿ ಮನೆಗೆ ಈಗಲೂ ದೀಪಾವಳಿಗೆ ಸುಣ್ಣ, ಗೋಡೆ ಬುಡಕ್ಕೆ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟಿ. ಈ ಸಲ ನಾನೇ ಹಚ್ತೀನಿ ಅಂದೆ.

ಅಜ್ಜಿ ಕೆಮ್ಮಣ್ಣನ್ನ ಹಿಂದಿನ ರಾತ್ರಿಯೇ ಬಕೆಟ್ಟಲ್ಲಿ ನೆನೆಹಾಕಿದ್ದಳು. ಬೆಳಿಗ್ಗೆ ಕೈಯಾಡಿಸಿ, ಎರಡು ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿದಳು. ತಳದಲ್ಲಿ ಕೂತ ಮರಳು, ಹರಳು ಹಿತ್ತಲಿಗೆ. ಮೂರು ಸಲ ಹಿಂಗೇ. ಕೊನೆಗೆ ಉಳಿದಿದ್ದು ಕೆನೆ ಥರದ ಕೆಂಪು. ನಾನು ಪಂಚೆಯಲ್ಲಿ ಸೋಸಿ ಸುಸ್ತಾಗಿದ್ದ ಕೆಲಸವನ್ನ ನೀರು ಪುಕ್ಕಟೆ ಮಾಡಿಕೊಡ್ತಿತ್ತು: ಭಾರದ ಕಣ ಬೇಗ ಮುಳುಗುತ್ತೆ, ನುಣ್ಣಂದು ತೇಲುತ್ತೆ.

ನಾನು ಗೋಡೆಯ ಸುಣ್ಣ ಒಣಗಲಿ ಅಂತ ಕಾಯ್ತಾ ಕೂತಿದ್ದೆ. ಅಜ್ಜಿ ಬೈದಳು.

"ಏನ್ ಕಾಯ್ತಿದ್ದಿ? ಹಸಿ ಇದ್ದಾಗ ಹಚ್ಚಬೇಕು. ಒಣಗಿದ ಮ್ಯಾಲ ಹಚ್ಚಿದ್ರ ಸೀರಿಗೆ ಹತ್ತತೈತಿ."
"ಅಂಟು ಹಾಕಲ್ವಾ ಅಜ್ಜಿ?"
"ಹಸಿ ಗೋಡಿಗೆ ಯಾಕ ಬೇಕು ಅಂಟು? ಗೋಡೀನ ಹಿಡ್ಕೊಂತೈತಿ."

ಇದನ್ನ ನಾವು ಸೆಕೆಂಡ್ ಇಯರಲ್ಲಿ "ಫ್ರೆಸ್ಕೊ" ಅಂತ ಐದು ಮಾರ್ಕಿಗೆ ಬರೆದಿದ್ವಿ, ನೆನಪಿದೆಯಾ? ಸುಟ್ಟ ಸುಣ್ಣ ನೀರಲ್ಲಿ ಅರಳುತ್ತೆ. ಗೋಡೆಗೆ ಬಳಿದ ಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ವಾಪಸ್ ಸುಣ್ಣದ ಕಲ್ಲೇ ಆಗುತ್ತೆ. ಆ ಕಲ್ಲು ಕಟ್ಟುವಾಗ ಮಧ್ಯೆ ಸಿಕ್ಕ ಕೆಂಪು ಕಣ ಅಲ್ಲೇ ಬಂದಿ. ಪರೀಕ್ಷೆಯಲ್ಲಿ ಇಟಲಿಯ ಉದಾಹರಣೆ ಬರೆದಿದ್ದೆ, ಐದಕ್ಕೆ ನಾಲ್ಕು ಬಂದಿತ್ತು. ಅಜ್ಜಿ ಮನೆ ಗೋಡೆಗೆ ಒರಗಿಕೊಂಡೇ ದೊಡ್ಡವಳಾಗಿದ್ದೀನಿ.

ಸಂಜೆ ಅಜ್ಜಿ ಬೆನ್ನನ್ನ ಪಟ್ಟಿಗೆ ಆನಿಸಿ ಕೂತು ಎಲೆಅಡಿಕೆ ಹಾಕಿಕೊಂಡಳು. ಎದ್ದಾಗ ಸೀರೆ ನೋಡಿದೆ. ಒಂದು ಚೂರೂ ಹತ್ತಿರಲಿಲ್ಲ.

9/10
(ಫೋಟೊ: ಇದಕ್ಕೆ ಫೋಟೊ ಹಾಕ್ತಿಲ್ಲ. ಕಾರಣ ಕೆಳಗಿದೆ.)

ಈಗ ನೀವು ಕೇಳಿದ ಪ್ರಶ್ನೆಗೆ ಬರ್ತೀನಿ. ಹಿಂಗೆ ನೋಡಿದ್ರೆ ಇವತ್ತಿನ ಚಿತ್ರಗಳು ತಿಳಿಯುತ್ತವಾ? ಇಬ್ಬರ ಕೆಲಸ ಹೇಳ್ತೀನಿ. ಇಬ್ಬರೂ ಕನ್ನಡ ನಾಡಿನವರು.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಕೆಮ್ಮಣ್ಣುಗುಂಡಿಯ ಅದಿರು ಕರಗಿಸುತ್ತಿದ್ದ ಊರದು. ಅವರು ಕಲಿತಿದ್ದು ಪೇಂಟಿಂಗು: ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್. ಮೊದಲು ಎಣ್ಣೆ ಬಣ್ಣದಲ್ಲೇ ಬರೀತಿದ್ದರು. 1990ರ ದಶಕದ ಶುರುವಿನಲ್ಲಿ, ಬಾಂಬೆಯ ಗಲಭೆಗಳ ಹೊತ್ತಿಗೆ, ಸಗಣಿ ಕೈಗೆತ್ತಿಕೊಂಡರು. ಗೋಡೆ ಸಾರಿಸೋ, ಬೆರಣಿ ತಟ್ಟೋ, ಹೆಂಗಸರು ದಿನಾ ಕೈ ಹಾಕೋ ಸಗಣಿ. ಅದನ್ನೇ ಬಣ್ಣವಾಗಿ ಹಚ್ಚಿದರು.

1998ರಲ್ಲಿ ಒಂದು ಕೆಲಸ ಮಾಡಿದರು. ಹೆಸರು ಇಂಗ್ಲಿಷಲ್ಲಿದೆ, ಕನ್ನಡದಲ್ಲಿ ಹೇಳೋದಾದ್ರೆ "ಮತ್ತು ಅವನಿಗೆ ನನ್ನ ನೋವನ್ನು ಹೇಳು". ಫೋಟೊದಲ್ಲಿ ನೋಡಿದ್ರೆ ಗೋಡೆ, ನೆಲದ ಮೇಲೆಲ್ಲ ಹರಿದಾಡೋ ಕೆಂಪು ಹಗ್ಗ. ಗೆರೆ ಎಳೆದ ಹಂಗೆ ಇದೆ. ಹತ್ತಿರ ಹೋಗಿ ಕೇಳಿದ್ರೆ, ಅದು ಹಗ್ಗ ಅಲ್ಲ: ದಾರಗಳು. ಉದ್ದುದ್ದ ದಾರ, ಒಂದೊಂದನ್ನೂ ಸೂಜಿ ಕಣ್ಣಿಂದ ಪೂರ್ತಿ ಎಳೆದು, ಎಲ್ಲ ಸೇರಿಸಿ ಅಂಟು ಮತ್ತು ಕುಂಕುಮದಲ್ಲಿ ಕಟ್ಟಿದ್ದು. ತುದಿಯಲ್ಲಿ ಸೂಜಿಗಳ ಗೊಂಚಲು ಹಂಗೇ ನೇತಾಡುತ್ತೆ. ಅಷ್ಟುದ್ದದ ದಾರ ಅಷ್ಟು ಸಲ ಬೆರಳ ಮಧ್ಯೆ ಎಳೆದ್ರೆ ಬೆರಳಿಗೆ ಏನಾಗುತ್ತೆ ಅಂತ ಹೂ ಕಟ್ಟೋ ಯಾವ ಅಕ್ಕನ್ನ ಕೇಳಿದ್ರೂ ಹೇಳ್ತಾರೆ. ಅಲ್ಲಿ ನೋವಿನ ಚಿತ್ರ ಇಲ್ಲ, ಅಳೋ ಮುಖ ಇಲ್ಲ. ಎಳೆದಿರೋದು ಇದೆ.

ನನ್ನ "ಅಪ್ಪನ ನೋವು" ಪಕ್ಕ ಅದನ್ನ ಇಟ್ಟು ನೋಡಿದೆ. ನಾನು ನೋವನ್ನ ಚೀಟಿ ಮೇಲೆ ಬರೆದಿದ್ದೆ.

ಇನ್ನೊಬ್ಬರು ಪ್ರಭಾವತಿ ಮೆಪ್ಪಯಿಲ್, ಬೆಂಗಳೂರಿನ ಅಕ್ಕಸಾಲಿಗರ ಮನೆತನ. 2013ರ ವೆನಿಸ್ ಬಿನಾಲೆಗೆ ಅವರ ಕೆಲಸ ಹೋಗಿತ್ತು. ದೂರದಿಂದ ಬರೀ ಬಿಳಿ ಹಲಗೆ. "ಖಾಲಿ" ಅಂತ ಸ್ಕ್ರೋಲ್ ಮಾಡಿಬಿಡ್ತೀರಿ. ಹಲಗೆಗೆ ಜೆಸ್ಸೊ, ಅಂದ್ರೆ ಸೀಮೆಸುಣ್ಣದಂಥ ಬಿಳಿ ಪುಡಿ ಮತ್ತು ಅಂಟಿನ ಲೇಪ, ಪದರದ ಮೇಲೆ ಪದರ. ಅದರೊಳಗೆ ತಾಮ್ರದ ತಂತಿ ಹುದುಗಿಸಿ, ತಂತಿ ಇಣುಕೋವರೆಗೂ ಉಜ್ಜೋದು. ಗೆರೆ ಮೇಲಿಂದ ಎಳೆದದ್ದಲ್ಲ, ಒಳಗಿಂದ ಹೊರಬಂದದ್ದು. ಇನ್ನು ಕೆಲವಲ್ಲಿ ಅಕ್ಕಸಾಲಿಗರು ಬಳೆ ಮೇಲೆ ನಕ್ಷೆ ಒತ್ತೋ ಉಪಕರಣದಿಂದ ಸಾವಿರಾರು ಸಣ್ಣ ಗುರುತು. ಮನೆಯ ಕಸುಬು ಚಿನ್ನ ಬಿಟ್ಟು ಸುಣ್ಣದಂಥ ಬಿಳಿ ಮೇಲೆ ಕೂತಿದೆ.

ಫೋಟೊ ಯಾಕೆ ಹಾಕಿಲ್ಲ ಅಂದ್ರೆ, ಇವೆರಡನ್ನೂ ನಾನು ಫೋನಲ್ಲೇ ನೋಡಿದ್ದು. ಸ್ಕ್ರೀನಲ್ಲಿ ಕುಂಕುಮದ ಕೆಂಪು, ಅದಿರಿನ ಕೆಂಪು, ಟ್ಯೂಬಿನ ಕೆಂಪು ಎಲ್ಲ ಒಂದೇ ಬೆಳಕು. ತೂಕ ಇಲ್ಲ, ವಾಸನೆ ಇಲ್ಲ. ವಸ್ತು ಏನು ಅಂತ ಓದಿ ತಿಳಿದ ಮೇಲೇ ನನಗೆ ಅವು ಕಂಡಿದ್ದು. ನೀವೂ ಮೊದಲು ಓದಿಯೇ ನೋಡಲಿ ಅಂತ.

10/10
(ಫೋಟೊ: ಹೊಸ ಕೆಲಸ, ಎರಡಡಿಗೆ ಎರಡಡಿ)

ಗ್ಯಾಲರಿಗೆ ಹೋದಾಗ ನಾನೀಗ ಮಾಡೋದು ಇಷ್ಟು:

ಹೆಸರಿನ ಚೀಟಿ ಕೊನೆಗೆ ಓದ್ತೀನಿ. ಅದರಲ್ಲೂ ವಸ್ತುವಿನ ಸಾಲು ಮೊದಲು. "ಮಿಶ್ರ ಮಾಧ್ಯಮ" ಅಂತ ಇದ್ರೆ ಏನೇನು ಮಿಶ್ರ ಅಂತ ಕೇಳ್ತೀನಿ.
ಪಕ್ಕದಿಂದ, ಅಂಚಿನಿಂದ ನೋಡ್ತೀನಿ. ಪದರ ಎಷ್ಟಿದೆ, ಯಾವುದು ಮೊದಲು ಬಿದ್ದಿದೆ ಅಂತ ಅಂಚಲ್ಲಿ ಕಾಣುತ್ತೆ.
ಬಣ್ಣವನ್ನ ಹಿಡಿದಿರೋದು ಏನು ಅಂತ ಯೋಚಿಸ್ತೀನಿ. ಮಂಕೋ, ಹೊಳಪೋ, ಬಿರುಕೋ.
ಈ ವಸ್ತು ಚಿತ್ರ ಆಗೋಕೆ ಮುಂಚೆ ಎಲ್ಲಿತ್ತು, ಯಾರ ಕೈಯಲ್ಲಿತ್ತು ಅಂತ ಕೇಳ್ಕೋತೀನಿ.
ಆಮೇಲೆ ನೆಲ ನೋಡ್ತೀನಿ. :)

ಮುಟ್ಟಬೇಡಿ. ಅಪ್ಪ ಮುಟ್ಟಿದ್ದು ಮಗಳ ಚಿತ್ರ ಅಂತ.

ಹೊಸದು ಹಿಂಗಾಯ್ತು. ಬಗ್ಗೋ ಕ್ಯಾನ್ವಾಸು ಬಿಟ್ಟು ಗಟ್ಟಿ ಹಲಗೆ ತಗೊಂಡೆ. ಅದರ ಮೇಲೆ ಕೋಳಿ ಜಾಲರಿ ಬಡಿದು ಸುಣ್ಣ-ಮರಳಿನ ಗಾರೆ. ಗಾರೆ ಹಸಿ ಇರುವಾಗಲೇ ನೀರಲ್ಲಿ ತೇಲಿಸಿ ತೆಗೆದ ಕೆಂಪು. ಅದಿರಿನ ತುಂಡು ಈ ಸಲ ಅಪ್ಪ ಆರಿಸಿಕೊಟ್ಟ. ಮೊದಲು ಬಾಗಿಲಲ್ಲಿ ನಿಂತು ನೋಡ್ತಿದ್ದ. ನಾನು ತಪ್ಪು ಕಲ್ಲು ಕುಟ್ಟೋದನ್ನ ನೋಡಲಾರದೆ ಬಂದು ಕೂತ. "ಇದು ಬಿಡು, ಇದರಾಗ ಮಣ್ಣು ಭಾಳ. ಇದು ತಗೋ." ಹದಿನಾಲ್ಕು ವರ್ಷದ ಮೇಲೆ ಅವನ ಕೈ ಮತ್ತೆ ಕೆಂಪಾಗಿದ್ದು. ಅವ್ವ ಒಳಗಿಂದ "ಇಬ್ಬರೂ ಹೊರಗ ಕೈ ತೊಳಕೊಂಡು ಬರ್ರಿ" ಅಂತ ಕೂಗಿದಳು.

ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಫೋಟೊದಲ್ಲಿ ಕಾಣುತ್ತೆ. ಗಾರೆ ಬೇಗ ಒಣಗಿತು, ನಾನು ಹಸಿ ಗೋಣಿ ಹೊದಿಸೋದು ಮರೆತಿದ್ದೆ. ಮುಚ್ಚೋಕೆ ಹೋಗಿಲ್ಲ. ಕಾನ್ಸೆಪ್ಟ್ ಅಂತಾನೂ ಹೇಳಲ್ಲ.

ಕೆಂಪಿನ ಮಧ್ಯೆ ಬಲಗಡೆ ಒಂದು ಕಮಲ ಇದೆ. ಅದು ನಂದಲ್ಲ. ಗಾರೆ ಆರೋಕೆ ಇನ್ನೂ ಅರ್ಧ ಗಂಟೆ ಇತ್ತು, ಬ್ರಷ್ಷು ಅಪ್ಪನ ಕೈಗೆ ಕೊಟ್ಟೆ. "ಮರ್ತೈತಿ" ಅಂದ. ಮರೆತಿರಲಿಲ್ಲ.

ಚೀಟಿಯಲ್ಲಿ ಹೆಸರು ಇನ್ನೂ ಬರೆದಿಲ್ಲ. ವಸ್ತುವಿನ ಸಾಲು ಮಾತ್ರ ಬರೆದಿದ್ದೀನಿ: ಸಂಡೂರಿನ ಅದಿರು, ಕಂಪ್ಲಿಯ ಸುಣ್ಣ, ಹೊಳೆ ಮರಳು, ಕೋಳಿ ಜಾಲರಿ, ಹಲಗೆ.

ನಿಮ್ಮೂರ ಮಣ್ಣಿನ ಬಣ್ಣ ಯಾವುದು, ಮನೆಯಲ್ಲಿ ಅದನ್ನ ಯಾತಕ್ಕೆ ಬಳಸ್ತಿದ್ರು? ಅಜ್ಜಿ ಇದ್ರೆ ಕೇಳಿ, ಕಾಮೆಂಟಲ್ಲಿ ಬರೀರಿ. ಒಂದು ಹಿಡಿ ಕಳಿಸಿದ್ರೆ ಇನ್ನೂ ಖುಷಿ.

#ಸಂಡೂರು #ಹಂಪಿ #ಕಂಪ್ಲಿ #ಹೊಸಪೇಟೆ #ಕೆಮ್ಮಣ್ಣು #ಚಿತ್ರಕಲೆ #ನೋಡೋಕಲಿಯೋಣ